ಹುಡುಕಬೇಕಾದ ನಿಧಿ ಯಾವುದು?



ಒಂದು ಸಿನಿಮಾಕ್ಕಾಗಿ ಎಷ್ಟು ವರ್ಷ ಕಾಯಬಹುದು? ನಮ್ಮಲ್ಲಿ ನೆಚ್ಚಿನ ನಟನ ಚಿತ್ರ ಒಂದು ವಾರ ಮುಂದಕ್ಕೆ ಹೋದರೂ ಹುಡುಗರ ಮುಖ ಬಾಡುತ್ತದೆ. ಆದರೆ ಲೋಕದ ಒಂದು ದೊಡ್ಡ ಅಭಿಮಾನಿ ಬಳಗ ಒಂದೇ ಚಿತ್ರದ ಮುಂದಿನ ಭಾಗಕ್ಕಾಗಿ ಹತ್ತೊಂಬತ್ತು ವರ್ಷ ಕಾದಿತ್ತು. ಅದು ‘ಇಂಡಿಯಾನಾ ಜೋನ್ಸ್’ ಸರಣಿ. ಮೂರನೇ ಚಿತ್ರ 1989ರಲ್ಲಿ ಬಂತು, ನಾಲ್ಕನೆಯದು 2008ರ ಮೇ ತಿಂಗಳಲ್ಲಿ. ಮೂರನೆಯದು ಬಂದ ವರ್ಷ ಹುಟ್ಟಿದ ಮಗು ನಾಲ್ಕನೆಯದು ಬರುವಾಗ ಕಾಲೇಜು ಮೆಟ್ಟಿಲು ಹತ್ತಿತ್ತು. ಅಪ್ಪನಾಗುವ ಮೊದಲು ಒಂದು ಚಿತ್ರ ನೋಡಿದವನು, ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದರ ಮುಂದಿನ ಭಾಗ ನೋಡಿದ.

ಈ ಹತ್ತೊಂಬತ್ತು ವರ್ಷ ಅಭಿಮಾನಿಗಳು ಸುಮ್ಮನೆ ಕೂತಿರಲಿಲ್ಲ. ಮುಂದಿನ ಕಥೆ ಏನಿರಬಹುದೆಂದು ವಾದ ಮಾಡಿದರು, ಗಾಳಿಸುದ್ದಿ ಹಬ್ಬಿಸಿದರು, ತಾವೇ ಕಥೆ ಕಟ್ಟಿದರು. ಆ ವಾದದಲ್ಲಿ ನಮ್ಮ ಮನೆಗಳಿಗೂ ಒಂದು ಪಾಠವಿದೆ ಎಂದು ನನಗೆ ತೋರುತ್ತದೆ. ಆದ್ದರಿಂದ ಈ ತಿಂಗಳು ಸ್ವಲ್ಪ ಸಿನಿಮಾ ಮಾತು. ಹಿರಿಯರು ಬೇಸರಿಸಬಾರದು!

ಚಾವಟಿ ಹಿಡಿದ ಮೇಷ್ಟ್ರು

ಗೊತ್ತಿಲ್ಲದವರಿಗಾಗಿ ಎರಡು ಮಾತು. ಇಂಡಿಯಾನಾ ಜೋನ್ಸ್ ಅಮೆರಿಕದ ಒಂದು ಕಾಲೇಜಿನಲ್ಲಿ ಪುರಾತತ್ತ್ವಶಾಸ್ತ್ರ ಕಲಿಸುವ ಪ್ರೊಫೆಸರ್. ತರಗತಿಯಲ್ಲಿ ಕನ್ನಡಕ ಹಾಕಿದ ಸಾಧು ಮೇಷ್ಟ್ರು. ಹೊರಗೆ ಹೊರಟನೆಂದರೆ ತಲೆಗೆ ಹ್ಯಾಟು, ಕೈಗೆ ಚಾವಟಿ. ಕಾಡು, ಮರುಭೂಮಿ, ಗುಹೆಗಳಲ್ಲಿ ಪ್ರಾಚೀನ ವಸ್ತುಗಳ ಬೇಟೆ. ಯಾರಿಗೂ ಹೆದರದವನಿಗೆ ಹಾವು ಕಂಡರೆ ಮಾತ್ರ ಜೀವ ಬಾಯಿಗೆ ಬರುತ್ತದೆ. 1977ರ ಮೇ ತಿಂಗಳಲ್ಲಿ ಹವಾಯಿಯ ಕಡಲ ತೀರದಲ್ಲಿ ರಜೆ ಕಳೆಯುತ್ತಿದ್ದ ಜಾರ್ಜ್ ಲೂಕಾಸ್ ಈ ಕಥೆಯ ಎಳೆಯನ್ನು ಗೆಳೆಯ ಸ್ಟೀವನ್ ಸ್ಪೀಲ್‌ಬರ್ಗ್‌ಗೆ ಹೇಳಿದರು. ‘ಇಂಡಿಯಾನಾ’ ಎಂಬುದು ಲೂಕಾಸ್ ಸಾಕಿದ್ದ ನಾಯಿಯ ಹೆಸರು. ನಾಯಕನಾಗಿ ಹ್ಯಾರಿಸನ್ ಫೋರ್ಡ್ ಬಂದರು.

1981ರ ಮೊದಲ ಚಿತ್ರದಲ್ಲಿ ಅವನು ಹುಡುಕುವುದು ನಮ್ಮ ಪವಿತ್ರ ಬೈಬಲಿನ ಒಡಂಬಡಿಕೆಯ ಮಂಜೂಷವನ್ನು. 1984ರ ಎರಡನೆಯದು ಭಾರತದಲ್ಲಿ ನಡೆಯುವ ಕಥೆ. ಆದರೆ ಚಿತ್ರಕಥೆ ಬದಲಿಸದೆ ಚಿತ್ರೀಕರಣಕ್ಕೆ ನಮ್ಮ ಸರಕಾರ ಒಪ್ಪಲಿಲ್ಲ. ಹಾಗಾಗಿ ಶ್ರೀಲಂಕಾದಲ್ಲಿ ತೆಗೆದರು. ಅದರ ಖಳನಾಯಕ ಅಮರೀಶ್ ಪುರಿ, 1973ರ ನಮ್ಮ ಕನ್ನಡದ ‘ಕಾಡು’ ಚಿತ್ರದಲ್ಲಿ ನಟಿಸಿದವರು. ಕಾಳಿಯ ಆರಾಧನೆಯನ್ನು ನರಬಲಿಯ ಭೀಕರ ಪಂಥವಾಗಿ, ನಮ್ಮ ದೇಶದ ಊಟವನ್ನು ಹಾವು ಮತ್ತು ಮಂಗನ ಮೆದುಳಿನ ಔತಣವಾಗಿ ತೋರಿಸಿದ ಆ ಚಿತ್ರ ಇಲ್ಲಿನವರ ಮನ ನೋಯಿಸಿದ್ದರಲ್ಲಿ ಆಶ್ಚರ್ಯವಿಲ್ಲ. ನೆರೆಯವರ ಭಕ್ತಿಯನ್ನು ಹೀಗೆ ವಿಕಾರ ಮಾಡಿದರೆ ನಮಗೂ ನೋವಾಗಬೇಕು. 1989ರ ಮೂರನೆಯದರಲ್ಲಿ ಯೇಸುಸ್ವಾಮಿಯು ಕಡೆಯ ಭೋಜನದಲ್ಲಿ ಬಳಸಿದ ಪಾನಪಾತ್ರೆಯ ಹುಡುಕಾಟ.

ಮಂಜೂಷ ಆಯಿತು, ಪಾನಪಾತ್ರೆ ಆಯಿತು. ಇನ್ನು ಮುಂದೇನು? ವಾದ ಶುರುವಾದದ್ದೇ ಇಲ್ಲಿ.

ಗಾಳಿಸುದ್ದಿಯ ಹತ್ತೊಂಬತ್ತು ವರ್ಷ

ಸಮುದ್ರದಲ್ಲಿ ಮುಳುಗಿತೆಂದು ಗ್ರೀಕ್ ತತ್ತ್ವಜ್ಞಾನಿ ಪ್ಲೇಟೊ ಬರೆದ ಅಟ್ಲಾಂಟಿಸ್ ದ್ವೀಪವೇ ಮುಂದಿನ ಕಥೆ ಎಂದರು ಕೆಲವರು. ಅದಕ್ಕೆ ಕಾರಣವೂ ಇತ್ತು. 1992ರಲ್ಲಿ ಲೂಕಾಸ್ ಅವರ ಕಂಪೆನಿಯೇ ಇಂಡಿಯಾನಾ ಅಟ್ಲಾಂಟಿಸ್ ಹುಡುಕುವ ಒಂದು ಕಂಪ್ಯೂಟರ್ ಆಟವನ್ನು ಹೊರತಂದಿತ್ತು. ಅದರ ಕಥೆ ಎಷ್ಟು ಸೊಗಸಾಗಿತ್ತೆಂದರೆ ಇದೇ ಸಿನಿಮಾ ಆಗುತ್ತದೆಂದು ಜನ ನಂಬಿಬಿಟ್ಟರು. ಇನ್ನು ಕೆಲವರದು ಯೇಸುಸ್ವಾಮಿಯ ಪಕ್ಕೆಯನ್ನು ತಿವಿದ ಈಟಿಯ ಕಥೆ. 1995ರಲ್ಲಿ ಇದರ ಮೇಲೆ ಚಿತ್ರಪುಸ್ತಕವೂ ಬಂತು. ಮತ್ತೆ ಕೆಲವರದು ನೋವನ ನಾವೆ. ಈ ನಾವೆಯ ಕಥೆಯಿದ್ದ ಒಂದು ಇಡೀ ಚಿತ್ರಕಥೆ ‘ಇದೇ ಅಸಲಿ’ ಎಂದು ಕೈಯಿಂದ ಕೈಗೆ ಹರಿದಾಡಿತು. ಕೊನೆಗೆ ನೋಡಿದರೆ ಅದು ಅಭಿಮಾನಿಗಳೇ ಬರೆದದ್ದು!

ವಾದ ವಸ್ತುವಿನ ಬಗ್ಗೆ ಮಾತ್ರವಲ್ಲ. 1989ರಲ್ಲಿ ನಲವತ್ತಾರರ ಹರೆಯದಲ್ಲಿದ್ದ ಫೋರ್ಡ್‌ಗೆ ವಯಸ್ಸಾಗುತ್ತಿದೆ, ಇನ್ನು ಓಡಿ ಜಿಗಿಯಲು ಆದೀತೇ? ಅಪ್ಪನ ಪಾತ್ರ ಮಾಡಿದ ಶಾನ್ ಕಾನರಿ ಮತ್ತೆ ಬರುತ್ತಾರೆಯೇ? ವೈರಿಗಳು ಮತ್ತೆ ನಾಜಿಗಳೇ, ಈ ಸಲ ರಷ್ಯನ್ನರೇ? ಈ ಕೊನೆಯ ಪ್ರಶ್ನೆಗೆ ಸ್ಪೀಲ್‌ಬರ್ಗ್ ತಾವೇ ಉತ್ತರ ಕೊಟ್ಟಿದ್ದರು. 1993ರಲ್ಲಿ ಯೆಹೂದಿಗಳ ನರಮೇಧದ ಬಗ್ಗೆ ‘ಶಿಂಡ್ಲರ್ಸ್ ಲಿಸ್ಟ್’ ತೆಗೆದ ಮೇಲೆ ನಾಜಿಗಳನ್ನು ಸಾಹಸಚಿತ್ರದ ತಮಾಷೆಯ ಖಳರಂತೆ ತೋರಿಸಲು ಅವರ ಮನಸ್ಸು ಒಪ್ಪಲಿಲ್ಲ. ಅದೊಂದು ಗೌರವದ ನಿರ್ಧಾರ.

ವಿಚಿತ್ರವೆಂದರೆ ಚಿತ್ರ ಮಾಡುವವರೂ ಅಭಿಮಾನಿಗಳ ಹಾಗೆಯೇ ಜಗಳಾಡುತ್ತಿದ್ದರು. ಕಥೆ 1950ರ ದಶಕದಲ್ಲಿ ನಡೆಯುವುದರಿಂದ ಆ ಕಾಲದ ಅಗ್ಗದ ಸಿನಿಮಾಗಳ ಹಾಗೆ ಅನ್ಯಗ್ರಹದ ಜೀವಿಗಳನ್ನು ತರಬೇಕೆಂಬುದು ಲೂಕಾಸ್ ಹಟ. ಸ್ಪೀಲ್‌ಬರ್ಗ್‌ಗೂ ಫೋರ್ಡ್‌ಗೂ ಅದು ಒಪ್ಪಿಗೆಯಾಗಲಿಲ್ಲ. ಜೆಬ್ ಸ್ಟುವರ್ಟ್ ಬರೆದರು, ಜೆಫ್ರಿ ಬೋಮ್ ಬರೆದರು, ಹೊಸ ಶತಮಾನದಲ್ಲಿ ಫ್ರಾಂಕ್ ಡರಬಾಂಟ್ ಬರೆದರು. ಡರಬಾಂಟ್ ಬರೆದದ್ದು ಸ್ಪೀಲ್‌ಬರ್ಗ್‌ಗೆ ಬಹಳ ಹಿಡಿಸಿತು, ಲೂಕಾಸ್‌ಗೆ ಹಿಡಿಸಲಿಲ್ಲ. ಅದೂ ಮೂಲೆಗೆ ಬಿತ್ತು. ಕೊನೆಗೆ ಡೇವಿಡ್ ಕೆಪ್ ಬರೆದದ್ದು ಚಿತ್ರವಾಯಿತು.

2007ರಲ್ಲಿ ಚಿತ್ರೀಕರಣ ಶುರುವಾದಾಗ ಗುಟ್ಟು ಕಾಯುವುದೇ ಒಂದು ಯುದ್ಧವಾಯಿತು. ಸಣ್ಣ ಪಾತ್ರ ಮಾಡಿದ ಒಬ್ಬಾತ ತನ್ನೂರಿನ ಪತ್ರಿಕೆಗೆ ಕಥೆ ಹೇಳಿ ಕೋರ್ಟು ಮೆಟ್ಟಿಲು ಕಾಣಬೇಕಾಯಿತು. ಅಭಿಮಾನಿಗಳ ದಾರಿ ತಪ್ಪಿಸಲೆಂದೋ ಏನೋ, ನಿರ್ಮಾಪಕರು ಒಂದಲ್ಲ ಆರು ಹೆಸರುಗಳನ್ನು ನೋಂದಾಯಿಸಿದರು. ಅವುಗಳಲ್ಲಿ ಒಂದಕ್ಕೆ ‘ಒಡಂಬಡಿಕೆಯ ಹುಡುಕಾಟ’ ಎಂಬ ಅರ್ಥ ಬರುತ್ತಿತ್ತು. ಹಾಗಾದರೆ ಮಂಜೂಷ ಮರಳಿ ಬರುತ್ತದೆಯೇ ಎಂದು ಮತ್ತೊಂದು ಸುತ್ತು ಚರ್ಚೆ!

ಬಂದದ್ದು ಮಂಜೂಷವಲ್ಲ, ಸ್ಫಟಿಕದ ತಲೆಬುರುಡೆ. ಜೊತೆಗೆ ಲೂಕಾಸ್ ಬಯಸಿದ್ದ ಅನ್ಯಗ್ರಹದವರೂ ಬಂದರು. ಇಂಥ ಸ್ಫಟಿಕದ ಬುರುಡೆಗಳು ಮೆಕ್ಸಿಕೊದ ಪುರಾತನ ಜನಾಂಗಗಳದ್ದೆಂದು ಹಿಂದೆ ನಂಬಿದ್ದರು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ 1897ರಲ್ಲಿ ಅಂಥದ್ದೊಂದನ್ನು ಕೊಂಡಿತ್ತು. ವಿಜ್ಞಾನಿಗಳು ಪರೀಕ್ಷಿಸಿ ನೋಡಿದಾಗ ಅದರ ಮೇಲೆ ಕಂಡದ್ದು ತಿರುಗುವ ಚಕ್ರದಿಂದ ಉಜ್ಜಿದ ಗೆರೆಗಳು. ಆ ಪುರಾತನ ಜನರ ಬಳಿ ಅಂಥ ಚಕ್ರವೇ ಇರಲಿಲ್ಲ. ಅದು ಹತ್ತೊಂಬತ್ತನೇ ಶತಮಾನದ ಕೆಲಸ. ಈ ವರದಿ ಪ್ರಕಟವಾದದ್ದು ಚಿತ್ರ ಬಂದ 2008ರಲ್ಲಿಯೇ! ಚಿತ್ರ ಸುಮಾರು 79 ಕೋಟಿ ಡಾಲರ್ ಗಳಿಸಿತಾದರೂ ಅನೇಕ ಅಭಿಮಾನಿಗಳು ಮುಖ ಸಿಂಡರಿಸಿಕೊಂಡು ಹೊರಬಂದರು. ಹತ್ತೊಂಬತ್ತು ವರ್ಷ ಒಬ್ಬೊಬ್ಬರೂ ತಮ್ಮ ಮನಸ್ಸಿನಲ್ಲಿ ಕಟ್ಟಿಕೊಂಡ ಚಿತ್ರದ ಮುಂದೆ ನಿಜವಾದ ಚಿತ್ರ ಸಪ್ಪೆಯಾಯಿತು.

ವಸ್ತುವೋ, ವ್ಯಕ್ತಿಯೋ?

ಪ್ರಿಯರೇ, ಇಲ್ಲೊಂದು ಸಂಗತಿಯನ್ನು ಗಮನಿಸಿ. ‘ಅವನು ಏನನ್ನು ಹುಡುಕಬೇಕು’ ಎಂಬುದೇ ಆ ವಾದದ ದೊಡ್ಡ ಪ್ರಶ್ನೆ. ದ್ವೀಪವೋ, ಈಟಿಯೋ, ನಾವೆಯೋ, ಬುರುಡೆಯೋ? ಆದರೆ ಮೂರನೇ ಚಿತ್ರವನ್ನು ಜನ ಅಷ್ಟು ಪ್ರೀತಿಸಿದ್ದು ಅದರಲ್ಲಿದ್ದ ಪಾನಪಾತ್ರೆಗಾಗಿಯೇ? ಅಲ್ಲವೆಂದು ನನಗನಿಸುತ್ತದೆ.

ಆ ಕಥೆ ನೋಡಿ. ಇಂಡಿಯಾನಾನ ಅಪ್ಪ ಹೆನ್ರಿ ದೊಡ್ಡ ವಿದ್ವಾಂಸ. ಜೀವಮಾನವಿಡೀ ಆ ಪಾತ್ರೆಯ ಗುಂಗು. ಕಂಡದ್ದು ಕೇಳಿದ್ದೆಲ್ಲ ಒಂದು ದಿನಚರಿಯಲ್ಲಿ ಬರೆದಿಡುತ್ತಾನೆ. ತಾಯಿಯಿಲ್ಲದ ಮಗನ ಜೊತೆ ಮಾತಾಡಲು ಮಾತ್ರ ಪುರುಸೊತ್ತಿಲ್ಲ. ಮಗ ಬೆಳೆದು ದೊಡ್ಡವನಾಗಿ ಮನೆ ಬಿಡುತ್ತಾನೆ. ಎಷ್ಟೋ ವರ್ಷದ ಮೇಲೆ ಆಕಾಶನೌಕೆಯೊಂದರಲ್ಲಿ ಅಪ್ಪ–ಮಗ ಎದುರೆದುರು ಕೂರುತ್ತಾರೆ. ನಾವಿಬ್ಬರೂ ಎಂದೂ ಮಾತಾಡಲೇ ಇಲ್ಲವಲ್ಲ ಎಂದು ಮಗ ದೂರುತ್ತಾನೆ. ಸರಿ, ಈಗ ಮಾತಾಡೋಣ, ಏನು ಮಾತಾಡಬೇಕು ಹೇಳು ಎನ್ನುತ್ತಾನೆ ಅಪ್ಪ. ಮಗನಿಗೆ ಒಂದೂ ತೋಚುವುದಿಲ್ಲ. ನಗು ಬರುವ ದೃಶ್ಯ, ಆದರೆ ನಮ್ಮಲ್ಲಿ ಎಷ್ಟು ಮಂದಿಗೆ ಅದು ಚುಚ್ಚುತ್ತದೆ!

ಕೊನೆಯಲ್ಲಿ ಗುಹೆ ಕುಸಿಯುತ್ತದೆ, ನೆಲ ಬಾಯಿ ಬಿಡುತ್ತದೆ. ಪಾತ್ರೆ ಬಿರುಕಿನೊಳಗೆ ಒಂದು ಅಂಚಿನಲ್ಲಿ ಸಿಕ್ಕಿಕೊಂಡಿದೆ. ಜೋತುಬಿದ್ದ ಮಗನ ಒಂದು ಕೈ ಅಪ್ಪನ ಹಿಡಿತದಲ್ಲಿದೆ, ಇನ್ನೊಂದು ಕೈ ಪಾತ್ರೆಯ ಕಡೆಗೆ ಚಾಚಿದೆ. ಇನ್ನೇನು ಬೆರಳು ತಾಗಿತು. ಆಗ ಅಪ್ಪ, ಅಲ್ಲಿಯವರೆಗೆ ‘ಜೂನಿಯರ್’ ಎಂದೇ ಕರೆದು ಮಗನಿಗೆ ಸಿಟ್ಟು ಬರಿಸುತ್ತಿದ್ದ ಅಪ್ಪ, ಮೊದಲ ಬಾರಿಗೆ ‘ಇಂಡಿಯಾನಾ’ ಎಂದು ಮಗ ತಾನೇ ಆರಿಸಿಕೊಂಡ ಹೆಸರಿನಿಂದ ಮೆಲ್ಲನೆ ಕರೆಯುತ್ತಾನೆ. ಅದನ್ನು ಬಿಟ್ಟುಬಿಡು ಎನ್ನುತ್ತಾನೆ. ಜೀವಮಾನವಿಡೀ ಹುಡುಕಿದ ಪಾತ್ರೆಯನ್ನು ಅಪ್ಪನೇ ಬಿಡಿಸುತ್ತಾನೆ, ಮಗನಿಗಾಗಿ. ಪಾನಪಾತ್ರೆಯ ಕಥೆ ಲೂಕಾಸ್ ಅವರ ಯೋಚನೆಯಾದರೆ, ಅದನ್ನು ಅಪ್ಪ–ಮಗನ ಕಥೆ ಮಾಡಬೇಕೆಂದದ್ದು ಸ್ಪೀಲ್‌ಬರ್ಗ್. ಚಿತ್ರವನ್ನು ಉಳಿಸಿದ್ದು ಆ ಒಂದು ನಿರ್ಧಾರ.

ಬೈಬಲು ಮೊದಲೇ ಹೇಳಿದ್ದು

ಈ ಮಾತನ್ನು ಪವಿತ್ರ ಗ್ರಂಥ ಎಷ್ಟೋ ಹಿಂದೆಯೇ ಹೇಳಿದೆ. ಮೊದಲ ಚಿತ್ರದಲ್ಲಿ ಹಿಟ್ಲರನಿಗೆ ಮಂಜೂಷ ಬೇಕಾಗುವುದು ಏಕೆ? ಅದನ್ನು ಹೊತ್ತ ಸೈನ್ಯಕ್ಕೆ ಸೋಲಿಲ್ಲವೆಂಬ ನಂಬಿಕೆಯಿಂದ. ಸಮುವೇಲನ ಮೊದಲನೆಯ ಗ್ರಂಥದ ನಾಲ್ಕನೇ ಅಧ್ಯಾಯ ತೆರೆದು ನೋಡಿ. ಇಸ್ರಯೇಲರಿಗೂ ಇದೇ ಯೋಚನೆ ಬಂದಿತ್ತು. ಫಿಲಿಷ್ಟಿಯರ ಎದುರು ಸೋತಾಗ, ಎಲ್ಲಿ ತಪ್ಪಿದೆವೆಂದು ದೇವರನ್ನು ಕೇಳುವ ಬದಲು ಮಂಜೂಷವನ್ನೇ ರಣರಂಗಕ್ಕೆ ಹೊತ್ತು ತಂದರು. ಫಲವೇನು? ಮೂವತ್ತು ಸಾವಿರ ಕಾಲಾಳುಗಳು ಬಿದ್ದರು, ಮಂಜೂಷವೂ ವೈರಿಗಳ ಕೈಸೇರಿತು. ಒಡಂಬಡಿಕೆಯನ್ನು ಮರೆತು ಪೆಟ್ಟಿಗೆಯನ್ನು ಮಾತ್ರ ಹಿಡಿದುಕೊಂಡರೆ ಅದು ಕಾಯುವುದಿಲ್ಲ.

ಮಂಜೂಷ ಕೊನೆಗೆ ಎಲ್ಲಿ ಹೋಯಿತು? ಐಗುಪ್ತದ ಅರಸ ಶೀಶಕ ಒಯ್ದನೆಂಬುದು ಸಿನಿಮಾದ ಕಲ್ಪನೆ. ನಮ್ಮ ಬೈಬಲಿನಲ್ಲಿ, ಮಕ್ಕಬಿಯರ ಎರಡನೆಯ ಗ್ರಂಥದ ಎರಡನೇ ಅಧ್ಯಾಯದಲ್ಲಿ ಬೇರೆಯೇ ಕಥೆಯಿದೆ. ಪ್ರವಾದಿ ಯೆರೆಮೀಯನು ಮಂಜೂಷವನ್ನು ಮೋಶೆ ಹತ್ತಿದ ಬೆಟ್ಟಕ್ಕೆ ಒಯ್ದು ಗುಹೆಯೊಂದರಲ್ಲಿಟ್ಟು ಬಾಗಿಲು ಮುಚ್ಚಿಬಿಡುತ್ತಾನೆ. ಹಿಂದೆ ಬಂದವರಲ್ಲಿ ಕೆಲವರು ದಾರಿಗೆ ಗುರುತು ಹಾಕಲು ಹೋಗುತ್ತಾರೆ. ಅವರನ್ನು ಲೋಕದ ಮೊದಲ ಇಂಡಿಯಾನಾ ಜೋನ್ಸ್‌ಗಳು ಎನ್ನೋಣವೇ? ಜಾಗ ಅವರಿಗೆ ಸಿಗುವುದಿಲ್ಲ. ಯೆರೆಮೀಯ ಅವರನ್ನು ಗದರಿ, ದೇವರು ತಮ್ಮ ಜನರನ್ನು ಮತ್ತೆ ಒಂದುಗೂಡಿಸುವ ತನಕ ಆ ಸ್ಥಳ ಯಾರಿಗೂ ತಿಳಿಯದೆ ಇರಲಿ ಎನ್ನುತ್ತಾನೆ. ಗಮನಿಸಿ: ಮೊದಲು ಚದುರಿದ ಜನ ಒಂದುಗೂಡಬೇಕು. ಪೆಟ್ಟಿಗೆಯ ಮಾತು ಆಮೇಲೆ.

ಪಾನಪಾತ್ರೆಯ ಸಂಗತಿಯೂ ಅಷ್ಟೇ. ಸ್ಪೇನಿನ ವಲೆನ್ಸಿಯಾದ ಪ್ರಧಾನಾಲಯದಲ್ಲಿ ಕಡೆಯ ಭೋಜನದ್ದೆಂದು ಪರಂಪರೆಯಿಂದ ಗೌರವಿಸುವ ಒಂದು ಕಲ್ಲಿನ ಬಟ್ಟಲಿದೆ. ಚಿನ್ನದ ಹಿಡಿ, ಪೀಠ ಆಮೇಲೆ ಸೇರಿಸಿದವು. ಇದು ಅದೇ ಬಟ್ಟಲೆಂದು ಧರ್ಮಸಭೆ ವಿಶ್ವಾಸದ ವಿಷಯವಾಗಿ ಬೋಧಿಸಿಲ್ಲ. ಆದರೂ 1982ರಲ್ಲಿ ಪೋಪ್ ಎರಡನೇ ಜಾನ್ ಪೌಲ್, 2006ರ ಜುಲೈಯಲ್ಲಿ ಪೋಪ್ ಹದಿನಾರನೇ ಬೆನೆಡಿಕ್ಟ್ ಅದರಲ್ಲಿ ಬಲಿಪೂಜೆ ಅರ್ಪಿಸಿದರು. 2006ರ ಆ ಸಂದರ್ಭ ಯಾವುದು ಗೊತ್ತೇ? ಐದನೇ ವಿಶ್ವ ಕುಟುಂಬ ಸಮ್ಮೇಳನ. ಸಿನಿಮಾದವರು ಗುಹೆಯಲ್ಲಿ ಬಚ್ಚಿಟ್ಟ ಪಾತ್ರೆ, ಅಲ್ಲಿ ಸಾವಿರಾರು ಅಪ್ಪ, ಅಮ್ಮ, ಮಕ್ಕಳು ಕೂಡಿದ ಬಲಿಪೀಠದ ಮೇಲಿತ್ತು. ನಮ್ಮ ಊರಿನ ಸಣ್ಣ ದೇವಾಲಯದ ಪಾನಪಾತ್ರೆಯಲ್ಲೂ ಅದೇ ರಕ್ಷಕರ ರಕ್ತ. ಇದನ್ನು ನಂಬುವವರಿಗೆ ಯಾವ ಭೂಪಟವೂ ಬೇಡ.

ಹ್ಯಾಟು ಇಟ್ಟ ಮೇಲೆ

ಮತ್ತೆ ಸಿನಿಮಾಕ್ಕೆ ಬರೋಣ. ಎಷ್ಟೇ ಟೀಕೆ ಬಂದರೂ 2008ರ ಚಿತ್ರದ ಒಂದು ವಿಷಯವನ್ನು ಮೆಚ್ಚಬೇಕು. ಬುರುಡೆ ಹುಡುಕಲು ಹೋದವನಿಗೆ ಸಿಗುವುದು ತನಗಿದ್ದಾನೆಂದೇ ಗೊತ್ತಿರದ ಮಗ, ಮತ್ತು ಎಂದೋ ಕೈಬಿಟ್ಟ ಮೇರಿಯನ್. ಚಿತ್ರ ಮುಗಿಯುವುದು ಗುಹೆಯಲ್ಲಲ್ಲ, ದೇವಾಲಯದಲ್ಲಿ ನಡೆಯುವ ಮದುವೆಯಲ್ಲಿ. ಅಭಿಮಾನಿಗಳ ‘ಒಡಂಬಡಿಕೆಯ ಹುಡುಕಾಟ’ ಒಂದು ರೀತಿಯಲ್ಲಿ ನಿಜವೇ ಆಯಿತು. ಮದುವೆಯೂ ಒಂದು ಒಡಂಬಡಿಕೆ ತಾನೇ?

ಐದನೆಯದೂ ಕೊನೆಯದೂ ಆದ ಚಿತ್ರ 2023ರಲ್ಲಿ ಬಂದಾಗ ಫೋರ್ಡ್‌ಗೆ ಎಂಬತ್ತು ದಾಟಿತ್ತು. ಅದರಲ್ಲಿ ಹುಡುಕಾಟ 1901ರಲ್ಲಿ ಗ್ರೀಸಿನ ಆಂಟಿಕಿತೆರಾ ದ್ವೀಪದ ಬಳಿ ಕಡಲಿನಿಂದ ಮೇಲೆ ಬಂದ ಪುರಾತನ ಯಂತ್ರದ ಹಾಗಿರುವ ಒಂದು ವಸ್ತುವಿನದು. ಅಸಲಿ ಯಂತ್ರ ಗ್ರಹಣಗಳನ್ನು ಲೆಕ್ಕ ಹಾಕುವಂಥದ್ದು. ಸಿನಿಮಾದ್ದು ಕಾಲದಲ್ಲಿ ಹಿಂದಕ್ಕೆ ಒಯ್ಯುತ್ತದೆ. ಆದರೆ ನಮಗೆ ಮುಖ್ಯವಾದದ್ದು ಬೇರೆ. ಮಗ ಯುದ್ಧದಲ್ಲಿ ಸತ್ತಿದ್ದಾನೆ. ಆ ದುಃಖ ತಾಳಲಾರದೆ ಹೆಂಡತಿ ದೂರವಾಗಿದ್ದಾಳೆ. ಮುದುಕ ಒಬ್ಬಂಟಿ. ಎರಡು ಸಾವಿರ ವರ್ಷಗಳ ಹಿಂದಕ್ಕೆ, ಆರ್ಕಿಮಿಡೀಸನ ಕಾಲಕ್ಕೆ ಹೋದವನು ಅಲ್ಲಿಯೇ ಉಳಿಯುತ್ತೇನೆ, ನನಗೆ ಮನೆ ಬೇಡ ಎಂದು ಹಟ ಹಿಡಿಯುತ್ತಾನೆ. ಮಗಳ ಹಾಗಿರುವ ಹುಡುಗಿ ಒಂದು ಗುದ್ದು ಕೊಟ್ಟು ಅವನನ್ನು ವಾಪಸು ತರುತ್ತಾಳೆ. ಕಣ್ಣು ಬಿಟ್ಟಾಗ ಅವನು ತನ್ನ ಮನೆಯಲ್ಲಿದ್ದಾನೆ; ಸಾಮಾನಿನ ಚೀಲ ಹಿಡಿದುಕೊಂಡು ಮೇರಿಯನ್ ಒಳಗೆ ಬರುತ್ತಾಳೆ. ನಲವತ್ತೆರಡು ವರ್ಷದ ಸಾಹಸ ಮುಗಿಯುವುದು ಒಂದು ಮನೆಯೊಳಗೆ, ಗಂಡ ಹೆಂಡಿರ ಮಾತಿನಲ್ಲಿ.

ನಮ್ಮ ಮನೆಗಳನ್ನು ನೋಡೋಣ. ಗಲ್ಫಿನ ಬಿಸಿಲಿನಲ್ಲಿ ದುಡಿಯುವ ಅಪ್ಪಂದಿರು, ಎರಡು ಪಾಳಿ ಮಾಡುವ ಅಮ್ಮಂದಿರು ಹುಡುಕುವ ನಿಧಿ ತಮಗಾಗಿ ಅಲ್ಲ. ಮಕ್ಕಳ ಫೀಸು, ಮನೆಯ ಸಾಲ, ಮಗಳ ಮದುವೆ. ಆ ಶ್ರಮಕ್ಕೆ ಕೈಮುಗಿಯಬೇಕು. ಆದರೆ ಮನೆಭೇಟಿಗೆ ಹೋದಾಗ ಹೊಸ ಮನೆಯ ಟೈಲ್ಸ್ ಹೊಳೆಯುತ್ತಿರುತ್ತದೆ, ರಜೆಗೆ ಬಂದ ಅಪ್ಪನೂ ಹದಿನೇಳರ ಮಗನೂ ಒಂದೇ ಸೋಫಾದ ಎರಡು ತುದಿಯಲ್ಲಿ ಫೋನು ನೋಡುತ್ತಾ ಕೂತಿರುತ್ತಾರೆ. ಪರಸ್ಪರ ಪ್ರೀತಿಯಿಲ್ಲವೆಂದಲ್ಲ. ಏನು ಮಾತಾಡಬೇಕೆಂದು ಇಬ್ಬರಿಗೂ ಗೊತ್ತಿಲ್ಲ, ಆಕಾಶನೌಕೆಯ ಆ ಅಪ್ಪ–ಮಗನ ಹಾಗೆ.

ಅಪ್ಪಂದಿರೇ, ಅಮ್ಮಂದಿರೇ, ಒಂದು ಸಣ್ಣ ಉಪಾಯ ಹೇಳುತ್ತೇನೆ. ಮಾರ್ಕು ಎಷ್ಟು, ಪರೀಕ್ಷೆ ಯಾವಾಗ ಎಂದು ಶುರು ಮಾಡಬೇಡಿ. ‘ನಿನಗಿಷ್ಟವಾದ ಸಿನಿಮಾ ಯಾವುದು ಮಗಾ? ಅದರ ಮುಂದಿನ ಭಾಗದಲ್ಲಿ ಏನಾಗಬೇಕು?’ ಎಂದು ಕೇಳಿ ನೋಡಿ. ಅವನು ಒಂದು ಕಥೆ ಹೇಳುತ್ತಾನೆ. ನೀವು ಇನ್ನೊಂದು ಹೇಳಿ. ‘ಹಾಗಲ್ಲ ಪಪ್ಪಾ’ ಎಂದು ಅವನು ವಾದಕ್ಕೆ ಬರಲಿ. ಅಭಿಮಾನಿಗಳು ಹತ್ತೊಂಬತ್ತು ವರ್ಷ ಹೀಗೆಯೇ ವಾದಿಸಿದರು. ಅವರು ಊಹಿಸಿದ ಕಥೆಗಳು ಹೆಚ್ಚಿನವು ತೆರೆಗೆ ಬರಲೇ ಇಲ್ಲ, ಆದರೂ ಕೂಡಿ ಮಾತಾಡಿದ ಆ ಸಂತೋಷ ಸುಳ್ಳಲ್ಲ. ಇವತ್ತು ರಾತ್ರಿ ಜಪಸರ ಮುಗಿದು ಊಟಕ್ಕೆ ಕೂತಾಗ ಫೋನುಗಳನ್ನು ಒಂದು ಬದಿಗಿಟ್ಟು ಪ್ರಯತ್ನಿಸಿ. ಕರೆಯುವಾಗ ಮಗನಿಗೋ ಮಗಳಿಗೋ ಇಷ್ಟವಾದ ಹೆಸರಿನಿಂದಲೇ ಕರೆಯಿರಿ.

ದೇವರು ನಿಮ್ಮ ಕುಟುಂಬಗಳನ್ನು ಒಂದುಗೂಡಿಸಿ ಆಶೀರ್ವದಿಸಲಿ.